ಇಷ್ಟಕ್ಕೆ ಕಾರಣ ಕೇಳಲೇಬೇಕು

"ಅವರವರ ಇಷ್ಟ, ಅದಕ್ಕೆಲ್ಲ ಕಾರಣ ಕೇಳಬಾರದು" ಎಂಬ ಮಾತನ್ನು ನಾವು ಈಗ ದೊಡ್ಡತನದ ಮಾತೆಂದು ನಂಬಿಬಿಟ್ಟಿದ್ದೇವೆ. ಸಿನಿಮಾ ನೋಡಿ ಹೊರಬಂದವರ ನಡುವೆ, ಮದುವೆಯ ಸೀರೆ ಆರಿಸುವ ಅಂಗಡಿಯಲ್ಲಿ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕರೆದ ಸಭೆಯಲ್ಲಿ, ಕವಿಗೋಷ್ಠಿ ಮುಗಿದ ಮೇಲಿನ ಕಾಫಿಯ ಹೊತ್ತಿನಲ್ಲಿ ಮಾತು ಸ್ವಲ್ಪ ಬಿಗಿಯಾಯಿತೆಂದರೆ ಸಾಕು, ಯಾರಾದರೊಬ್ಬರು ಇದನ್ನು ಹೇಳಿ ಚರ್ಚೆಯನ್ನು ಮುಗಿಸುತ್ತಾರೆ. ಜಗಳ ತಪ್ಪಿತೆಂದು ಉಳಿದವರಿಗೂ ನೆಮ್ಮದಿ. ನಾನು ಈ ಮಾತನ್ನು ಒಪ್ಪುವುದಿಲ್ಲ. ಇದರೊಳಗೆ ಇರುವುದು ಸೋಮಾರಿತನ, ಮತ್ತು ಈ ಸೋಮಾರಿತನಕ್ಕೆ ನಾವು ತೆರುತ್ತಿರುವ ಬೆಲೆ ಸಣ್ಣದಲ್ಲ. ಒಂದು ವಸ್ತು ತನಗೆ ಏಕೆ ಹಿಡಿಸಿತು ಎಂದು ಹೇಳಲಾರದವನ ಇಷ್ಟವನ್ನು ಬೇರೆ ಯಾರೋ ತೀರ್ಮಾನಿಸುತ್ತಾರೆ. ಹಾಗೆ ತೀರ್ಮಾನವಾದದ್ದು ಅವನಿಗೆ ಗೊತ್ತೂ ಆಗುವುದಿಲ್ಲ. ಅದು ತನ್ನದೇ ಎಂದುಕೊಂಡು ಅದಕ್ಕಾಗಿ ಹಟ ಹಿಡಿಯುತ್ತಾನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಕಣ್ಣಿಗೆ ಬೀಳುವ ಸಂಗತಿಗಳನ್ನೇ ಹಿಡಿದು ಇದನ್ನು ತೋರಿಸುತ್ತೇನೆ.

ಲೋಕದ ರುಚಿ ಬೇರೆ ಬೇರೆ ಎಂದು ಕಾಳಿದಾಸನೇ ಹೇಳಿಲ್ಲವೇ ಎಂದು ಓದಿದವರು ಕೇಳುತ್ತಾರೆ. ಹೇಳಿದ್ದಾನೆ, ರಘುವಂಶದ ಆರನೆಯ ಸರ್ಗದಲ್ಲಿ. ಆದರೆ ಎಲ್ಲಿ, ಯಾರನ್ನು ಕುರಿತು ಹೇಳಿದ ಎಂಬುದನ್ನೂ ನೋಡಬೇಕು. ಅದು ಇಂದುಮತಿಯ ಸ್ವಯಂವರ. ಸುನಂದೆ ಅಂಗದೇಶದ ರಾಜನನ್ನು ವರ್ಣಿಸಿ ಮುಗಿಸುತ್ತಾಳೆ. ಇಂದುಮತಿ ಅವನನ್ನು ನೋಡಿ, ಮುಂದೆ ನಡೆ ಎನ್ನುತ್ತಾಳೆ. ಅವನು ಬಯಸತಕ್ಕವನಲ್ಲ ಎಂದಲ್ಲ, ಅವಳಿಗೆ ಸರಿಯಾಗಿ ನೋಡಲು ಬಾರದು ಎಂದೂ ಅಲ್ಲ ಎಂದು ಮೊದಲು ಹೇಳಿ, ಆಮೇಲೆ ಕವಿ ಲೋಕದ ಭಿನ್ನರುಚಿಯ ಮಾತನ್ನಾಡುತ್ತಾನೆ. ನೋಡಬಲ್ಲವಳು ನೋಡಿ ಬಿಟ್ಟಳು. ನಾವು ಆ ನೋಡುವ ಭಾಗವನ್ನು ಕಿತ್ತುಹಾಕಿ ಕೊನೆಯ ತುಂಡನ್ನು ಮಾತ್ರ ಗಾದೆ ಮಾಡಿಕೊಂಡಿದ್ದೇವೆ. ನೋಡದೆ ಆರಿಸಿದವರಿಗೆ ಕಾಳಿದಾಸನಲ್ಲಿ ಆಶ್ರಯವಿಲ್ಲ.

ಬೆಲ್ಲದಿಂದ ಶುರುಮಾಡುತ್ತೇನೆ. ಕೇಂದ್ರ ಸರ್ಕಾರದ "ಒಂದು ಜಿಲ್ಲೆ ಒಂದು ಉತ್ಪನ್ನ" ಯೋಜನೆಯಲ್ಲಿ ಮಂಡ್ಯ ಜಿಲ್ಲೆಯ ಹೆಸರಿನ ಮುಂದೆ ಇರುವುದು ಬೆಲ್ಲ. ಕನ್ನಂಬಾಡಿ ಕಟ್ಟೆ ಎದ್ದು, ಆಗ ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ಈ ಸೀಮೆಯಲ್ಲಿ ಕಬ್ಬು ಹಬ್ಬಿತು. ಕಬ್ಬು ಹಬ್ಬಿದ ಕಡೆಯೆಲ್ಲ ಆಲೆಮನೆಗಳು ಎದ್ದವು. ಪಾಂಡವಪುರದ ಸುತ್ತ ಸುಗ್ಗಿಯಲ್ಲಿ ರಸ್ತೆಗೇ ಪಾಕದ ವಾಸನೆ ಬರುತ್ತದೆ. ಇಂಥ ಸೀಮೆಯಲ್ಲಿ ಹುಟ್ಟಿದವರು ಅಂಗಡಿಗೆ ಹೋಗಿ ಬೆಲ್ಲ ಆರಿಸುವಾಗ ಏನು ನೋಡುತ್ತಾರೆ? ಬಣ್ಣ. ಹಳದಿಯಾಗಿ, ಹೊಳೆಯುವಂತೆ, ಚಿನ್ನದ ಬಣ್ಣಕ್ಕೆ ಇರುವ ಅಚ್ಚುಬೆಲ್ಲ ಮೇಲು. ಕಂದು ಬಣ್ಣದ್ದು ಬಡವರ ಬೆಲ್ಲ, ದನಗಳಿಗೆ ಹಾಕುವ ಬೆಲ್ಲ. ಏಕೆಂದು ಕೇಳಿದರೆ ಅದೇ ಉತ್ತರ: ನಮಗೆ ಅದೇ ಇಷ್ಟ.

ಆ ಹಳದಿ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಸುಣ್ಣ ಹಾಕಿ ಹುಳಿ ಮುರಿಯುತ್ತಾರೆ. ಮೇಲೆ ತೇಲಿಬರುವ ಮಡ್ಡಿಯನ್ನು ತೆಗೆಯುತ್ತಾರೆ; ಮಡ್ಡಿ ಚೆನ್ನಾಗಿ ಎತ್ತಿಕೊಳ್ಳಲಿ ಎಂದು ಹಿಂದೆ ಬೆಂಡೆಗಿಡದ ಲೋಳೆ ಹಾಕುತ್ತಿದ್ದರು. ಪಾಕ ಹದಕ್ಕೆ ಬರುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಥರ್ಮಾಮೀಟರ್ ಮುಟ್ಟದೆ, ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಅದನ್ನು ಹಿಡಿಯಬಲ್ಲವರು ಇನ್ನೂ ಇದ್ದಾರೆ. ಹೀಗೆ ಮಾಡಿದ ಬೆಲ್ಲ ಕಬ್ಬಿನ ತಳಿ, ಅದರ ವಯಸ್ಸು, ಗದ್ದೆಯ ಮಣ್ಣು, ಉರಿಯ ಹದ ಇವುಗಳಿಗೆ ತಕ್ಕಂತೆ ಹೊಂಬಣ್ಣಕ್ಕೋ ಕೆಂಗಂದಿಗೋ ನಿಲ್ಲುತ್ತದೆ. ಕಣ್ಣು ಕುಕ್ಕುವ ಹಳದಿಗೆ ತರಬೇಕೆಂದರೆ ಆಲೆಮನೆಯವರು "ಹೈಡ್ರೋಸ್" ಎನ್ನುವ ಪುಡಿ ಹಾಕಬೇಕು. ಸೋಡಿಯಂ ಹೈಡ್ರೋಸಲ್ಫೈಟ್ ಅದರ ಪೂರ್ಣ ಹೆಸರು. ಬಟ್ಟೆಗಳ ಬಣ್ಣ ತೆಗೆಯುವ ಕೆಲಸಕ್ಕೂ ಅದನ್ನೇ ಬಳಸುತ್ತಾರೆ. ಅದು ಬಣ್ಣ ತೆಗೆಯುತ್ತದೆ, ಗಂಧಕದ ಅಂಶವನ್ನು ಬೆಲ್ಲದಲ್ಲಿ ಉಳಿಸುತ್ತದೆ. ದಾಸ್ತಾನಿನಲ್ಲಿ ಕೆಲವು ತಿಂಗಳು ಕಳೆದರೆ ಬಣ್ಣ ಮತ್ತೆ ಕಂದುತ್ತದೆ. ಇನ್ನು ಸಕ್ಕರೆ ಬೆರೆಸಿದ ಬೆಲ್ಲ ಬೇರೆ. ಅದು ನೋಡಲು ತಿಳಿ, ಕೈಗೆ ಗಟ್ಟಿ, ನಾಲಿಗೆಗೆ ಬರೀ ಸಿಹಿ.

ಇದರಲ್ಲಿ ಆಲೆಮನೆಯವನನ್ನು ಬೈದು ಕೈತೊಳೆದುಕೊಳ್ಳುವುದು ಅನ್ಯಾಯ. ಹಳದಿ ಬೆಲ್ಲಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು, ಕಂದು ಬೆಲ್ಲಕ್ಕೆ ಕಡಿಮೆ. ಬಣ್ಣ ನೋಡಿ ಬೆಲೆ ಕಟ್ಟಿದವರು ನಾವು. ಹಳದಿ ಏಕೆ ಇಷ್ಟ ಎಂದು ನಮ್ಮನ್ನು ನಾವೇ ಒಂದು ಸಲ ಕೇಳಿಕೊಂಡಿದ್ದರೂ ನಾಲಿಗೆ ಬೇರೆ ಉತ್ತರ ಹೇಳುತ್ತಿತ್ತು. ಕೇಳಿಕೊಳ್ಳಲಿಲ್ಲ. ಹಾಗಾಗಿ ನಮ್ಮ ನಾಲಿಗೆಯ ತೀರ್ಪನ್ನು ಒಂದು ರಾಸಾಯನಿಕ ಪುಡಿ ಬರೆಯಿತು.

ಈಗ ಗಾಳಿ ತಿರುಗಿದೆ. ಪಟ್ಟಣದ ಅಂಗಡಿಗಳಲ್ಲಿ ಕಪ್ಪಗಿದ್ದಷ್ಟೂ ಒಳ್ಳೆಯದು ಎನ್ನುವ ಹೊಸ ಜನ ಬಂದಿದ್ದಾರೆ. "ಸಾವಯವ" ಎಂದು ಚೀಟಿ ಅಂಟಿಸಿದರೆ ದುಪ್ಪಟ್ಟು ಬೆಲೆ ಕೊಡುತ್ತಾರೆ. ಅವರನ್ನು ಕೇಳಿದರೂ ಉತ್ತರ ಬೇರೆಯಲ್ಲ. ಮಡ್ಡಿ ಸರಿಯಾಗಿ ತೆಗೆಯದಿದ್ದರೂ ಬೆಲ್ಲ ಕಪ್ಪಾಗುತ್ತದೆ, ಪಾಕ ಸೀದರೂ ಕಪ್ಪಾಗುತ್ತದೆ. ಹಳದಿಯನ್ನು ನಂಬಿದವರೂ ಕಪ್ಪನ್ನು ನಂಬಿದವರೂ ಬೆಲ್ಲವನ್ನು ತಿಂದು ನೋಡಲಿಲ್ಲ ಎಂಬುದಷ್ಟೇ ಇಲ್ಲಿ ಸಮಾನ. ನನಗೆ ಹಿಡಿಸುವುದು ನಾಲಿಗೆಯ ಅಂಚಿಗೆ ಒಂದಿಷ್ಟು ಉಪ್ಪು ತಾಗುವ ಉಂಡೆಬೆಲ್ಲ. ಚೌಳು ಸೇರಿದ ಗದ್ದೆಯ ಕಬ್ಬಿನಲ್ಲಿ ಆ ಉಪ್ಪು ಬರುತ್ತದೆ. ಅದು ಸಿಹಿಯನ್ನು ತಡೆದು ನಿಲ್ಲಿಸುವುದರಿಂದ ಕಬ್ಬಿನ ವಾಸನೆ ಬಾಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ನನಗೆ ಬೇಕಾದದ್ದು ಆ ವಾಸನೆ. ಇಷ್ಟು ತಿಳಿದದ್ದರಿಂದ ಇನ್ನೊಂದೂ ತಿಳಿಯಿತು: ಒಬ್ಬಟ್ಟಿನ ಹೂರಣಕ್ಕೆ ಅದು ಸೊಗಸು, ಹಾಲಿನ ಪಾಯಸಕ್ಕೆ ಹೊಂದುವುದಿಲ್ಲ. ನಿಮಗೆ ಬೇರೆ ಬೆಲ್ಲ ಹಿಡಿಸಬಹುದು. ಆದರೆ ಈಗ ನಾವಿಬ್ಬರೂ ಕೂತು ಮಾತಾಡಲು ಏನೋ ಇದೆ. "ನನಗಿಷ್ಟ", "ನನಗಿಲ್ಲ" ಎಂಬಲ್ಲಿ ಮಾತಿಗೆ ಜಾಗವೇ ಇಲ್ಲ.

ಕಾರಣ ಹೇಳುವುದು ಓದಿದವರ ಚಟ, ಹಳ್ಳಿಯವರು ಸುಮ್ಮನೆ ಸವಿಯುತ್ತಾರೆ ಎಂದು ಹೇಳುವವರಿದ್ದಾರೆ. ಹಳ್ಳಿಯವರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಜಾತ್ರೆಗೋ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ದನಗಳ ಜಾತ್ರೆಗೋ ಹೋಗಿ ಒಂದು ಜೊತೆ ಹಳ್ಳಿಕಾರ್ ಎತ್ತಿನ ಮುಂದೆ ನಿಂತು ನೋಡಿ. ಕೊಳ್ಳಲು ಬಂದವನು ಮೊದಲು ದೂರದಿಂದ ಜೋಡಿಯ ಎತ್ತರ, ಮೈಬಣ್ಣ ಹೊಂದುತ್ತದೆಯೇ ಎಂದು ನೋಡುತ್ತಾನೆ. ಆಮೇಲೆ ಕೋಡು: ಬುಡದಲ್ಲಿ ಹತ್ತಿರವಿದ್ದು ಹಿಂದಕ್ಕೆ ಸಮನಾಗಿ ಬಾಗಿದೆಯೇ? ಮುಖ ಉದ್ದಕ್ಕೆ ತೆಳ್ಳಗಿದೆಯೇ? ಗೊರಸಿನ ಸೀಳು ಅಗಲವೋ ಬಿಗಿಯೋ? ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಮೈಮೇಲೆ ಸುಳಿ ಎಲ್ಲೆಲ್ಲಿವೆ ಎಂದು ಹುಡುಕುತ್ತಾನೆ, ನಡೆಸಿ ನೋಡುತ್ತಾನೆ. "ಚೆನ್ನಾಗವೆ ಕಣಣ್ಣ, ಆದ್ರೆ ಎಡಗಡೇದು ಮುಂಗಾಲು ಒಳಕ್ ಹಾಕ್ತದೆ" ಎಂದು ಬಿಟ್ಟುಹೋಗುತ್ತಾನೆ. ಮಾರುವವನು ಅದನ್ನು ಒಪ್ಪದೆ, ಸುತ್ತ ಇದ್ದ ನಾಲ್ಕು ಜನರನ್ನು ಕರೆದು ಮತ್ತೆ ನಡೆಸಿ ತೋರಿಸುತ್ತಾನೆ. "ಅವರವರ ಇಷ್ಟ" ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಹಾಗೆ ಹೇಳುವವನಿಗೆ ಎತ್ತು ಗೊತ್ತಿಲ್ಲ ಎಂದೇ ಅರ್ಥ. ಮೈಸೂರು ಅರಸರ ದನಗಳ ಇಲಾಖೆಯಾಗಿದ್ದ ಬೆಣ್ಣೆ ಚಾವಡಿಯ ಕಾಲದಿಂದ ಈ ನಾಡಿನ ತಳಿಗಳು ಉಳಿದುಬಂದಿದ್ದರೆ ಅದಕ್ಕೆ ಕಾರಣ ಹೀಗೆ ಅಂಗ ಅಂಗವಾಗಿ ನೋಡಿ, ಕಾರಣ ಹೇಳಿ, ಜಗಳವಾಡಿ ಆರಿಸಿದ ಲಕ್ಷಾಂತರ ರೈತರ ಕಣ್ಣು. ಅದೇ ರೈತನ ಮಗ ಪದವಿ ಓದಿ ಬಂದು ಹಾಡೊಂದನ್ನು ಕುರಿತು "ಸೂಪರ್" ಎಂಬ ಒಂದು ಮಾತಿನಾಚೆ ಏನೂ ಹೇಳಲಾರ ಎಂದರೆ ನಾವು ಮುಂದೆ ಬಂದಿದ್ದೇವೋ ಹಿಂದೆ ಸರಿದಿದ್ದೇವೋ?

ಎರಡನೆಯ ಆಕ್ಷೇಪಣೆ ಹೆಚ್ಚು ಜನಪ್ರಿಯ, ಹೆಚ್ಚು ಸಿಹಿ: ಕಾರಣ ಹುಡುಕಹೊರಟರೆ ಆನಂದ ಹೋಗುತ್ತದೆ, ಹೂವಿನ ದಳ ಕಿತ್ತು ಎಣಿಸಿದರೆ ಹೂವು ಉಳಿಯುವುದಿಲ್ಲ ಎನ್ನುತ್ತಾರೆ. ಹೊಸಹೊಳಲಿಗೆ ಬನ್ನಿ. ಕೆ.ಆರ್. ಪೇಟೆಯ ಮಗ್ಗುಲಲ್ಲೇ ಇದೆ. 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯ, ಹೊಯ್ಸಳರದು, ತ್ರಿಕೂಟ. ಶಾಲೆಯ ಪ್ರವಾಸದ ಬಸ್ಸು ನಿಲ್ಲುತ್ತದೆ. ಮಕ್ಕಳು ಸುತ್ತ ಒಂದು ಸುತ್ತು ಓಡುತ್ತಾರೆ. "ಎಷ್ಟು ಸೂಕ್ಷ್ಮ ಕೆತ್ತನೆ ನೋಡಿ" ಎಂದು ಮೇಷ್ಟ್ರು ಹೇಳುತ್ತಾರೆ. ಫೋಟೊ ತೆಗೆದು ಹೊರಡುತ್ತಾರೆ. ಬೇಲೂರಿನಲ್ಲೂ ಸೂಕ್ಷ್ಮ ಕೆತ್ತನೆ, ಹಳೇಬೀಡಿನಲ್ಲೂ ಸೂಕ್ಷ್ಮ ಕೆತ್ತನೆ, ಇಲ್ಲೂ ಅದೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಹೊಸಹೊಳಲು "ಅವುಗಳ ಹಾಗೆಯೇ ಇರುವ ಇನ್ನೊಂದು" ಆಗಿಬಿಟ್ಟಿದೆ. ಇದನ್ನೇ ಆನಂದ ಎನ್ನುವುದಾದರೆ ಅದನ್ನು ಕಳೆದುಕೊಳ್ಳಲು ನಾನು ಸಿದ್ಧ.

ಒಮ್ಮೆ ನಿಂತು ಕೇಳಿಕೊಳ್ಳಿ: ನನಗೆ ಇಲ್ಲಿ ಏನು ಹಿಡಿಸಿತು? ಕಣ್ಣು ತಾನಾಗಿ ಕೆಳಗಿಳಿದು ಪಟ್ಟಿಕೆಗಳ ಮೇಲೆ ಹೋಗುತ್ತದೆ. ಬುಡದಲ್ಲಿ ಆನೆಗಳು, ಅದರ ಮೇಲೆ ಕುದುರೆ ಸವಾರರು, ಬಳ್ಳಿಯ ಸುರುಳಿ, ಪುರಾಣದ ಕತೆಗಳು, ಮಕರ, ಹಂಸ. ಭಾರ ಹೊರುವುದು ಕೆಳಗೆ, ಹಗುರವಾದದ್ದು ಮೇಲೆ. ಗೋಡೆ ನೇರವಾಗಿಲ್ಲ, ನಕ್ಷತ್ರದ ಮೂಲೆಗಳಂತೆ ಒಳಹೊರಗೆ ಮಡಿಚಿಕೊಂಡಿದೆ. ಹಾಗಾಗಿ ಬಿಸಿಲು ಒಂದು ಮುಖಕ್ಕೆ ಬಿದ್ದಾಗ ಪಕ್ಕದ ಮುಖ ನೆರಳಿನಲ್ಲಿರುತ್ತದೆ, ಹೊತ್ತು ಸರಿದಂತೆ ಗೋಡೆಯ ರೂಪವೇ ಬದಲಾಗುತ್ತದೆ. ಕತೆ ಒಂದು ಮೂಲೆಯಲ್ಲಿ ನಿಂತು ಮುಂದಿನ ಮೂಲೆಯಲ್ಲಿ ಮುಂದುವರಿಯುವುದರಿಂದ ನಾವು ನಡೆಯಲೇಬೇಕು. ಜಗಲಿ ಕೊಟ್ಟಿರುವುದು ಆ ನಡಿಗೆಗೆ. ಇಷ್ಟು ಸಣ್ಣ ಕೆಲಸ ಸಾಧ್ಯವಾದದ್ದು ಬಳಪದ ಕಲ್ಲಿನಿಂದ: ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದು ಕಾಲ ಕಳೆದಂತೆ ಗಟ್ಟಿ. ಇವೆಲ್ಲ ತಿಳಿದ ಮೇಲೆ ನಾನು ಅಲ್ಲಿ ನಿಲ್ಲುವ ಹೊತ್ತು ಹೆಚ್ಚಾಗಿದೆ, ಕಡಿಮೆಯಾಗಿಲ್ಲ.

ಅಲ್ಲಿಂದ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಹೋಗಬೇಕು, ಸಾಧ್ಯವಾದರೆ ಅದೇ ದಿನ. ಊರಿಗೆ ಹೆಸರು ಕೊಟ್ಟ ಎತ್ತರದ ಕಂಬ, ಅದರ ಹಿಂದೆ ಗಂಗರ ಕಾಲದ ಪಂಚಕೂಟ ಬಸದಿ. ಇಲ್ಲಿ ಕಲ್ಲು ಗ್ರಾನೈಟ್. ಉಳಿಗೆ ಸುಲಭವಾಗಿ ಒಗ್ಗುವ ಕಲ್ಲಲ್ಲ ಅದು. ಗೋಡೆಗಳು ಬಹುಮಟ್ಟಿಗೆ ಖಾಲಿ. ಶಿಖರಗಳಲ್ಲಿ ಒಂದು ಚೌಕ, ಒಂದು ಎಂಟು ಮೂಲೆಯದು, ಒಂದು ದುಂಡು. ಒಂದೇ ಅಂಗಳದಲ್ಲಿ ಮೂರು ಬಗೆಯ ಯೋಚನೆಗಳು ಎದುರುಬದುರು ನಿಂತಿವೆ. ಹೊಸಹೊಳಲನ್ನು "ಸೂಕ್ಷ್ಮ ಕೆತ್ತನೆ" ಎಂದು ಮೆಚ್ಚಿದವರಿಗೆ ಇಲ್ಲಿ ಮೆಚ್ಚಲು ಏನೂ ಇಲ್ಲ, "ಇಲ್ಲೇನಿದೆ?" ಎಂದು ಹತ್ತು ನಿಮಿಷದಲ್ಲಿ ಹೊರಡುವವರನ್ನು ಕಂಡಿದ್ದೇನೆ. ಆದರೆ ಹೊಸಹೊಳಲಿನಲ್ಲಿ ತನಗೆ ಹಿಡಿಸಿದ್ದು ಬೆಳಕು ನೆರಳಿನ ಆಟ ಎಂದು ಕಂಡುಕೊಂಡವರಿಗೆ ಕಂಬದಹಳ್ಳಿಯ ಬರಿಯ ಗೋಡೆಯಲ್ಲಿ ಅದೇ ಆಟ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ತುಂಬಿದ ಗೋಡೆಯೇ ತನಗೆ ಬೇಕು ಎಂದು ಕಂಡುಕೊಂಡವರು ಕಂಬದಹಳ್ಳಿಯನ್ನು ಬಿಟ್ಟು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಹೋಗಬಹುದು. ಅಲ್ಲಿ ಸಾಲಾಗಿ ನಿಂತ ಐದು ಗರ್ಭಗುಡಿಗಳಿವೆ, ರೂವಾರಿ ಮಲ್ಲಿತಮ್ಮ ತನ್ನ ಹೆಸರು ಕೆತ್ತಿಟ್ಟ ದ್ವಾರಪಾಲಕರಿದ್ದಾರೆ. ಎಂಟು ಶತಮಾನದ ಹಿಂದೆಯೇ ಒಬ್ಬ ಶಿಲ್ಪಿ "ಇದು ನನ್ನ ಕೈಕೆಲಸ" ಎಂದು ಕಲ್ಲಿನಲ್ಲಿ ಬರೆದಿಟ್ಟ. ಅವನ ಕೈಯನ್ನು ಇನ್ನೊಬ್ಬನ ಕೈಯಿಂದ ಬೇರ್ಪಡಿಸಿ ಗುರುತಿಸಬಲ್ಲ ಕಣ್ಣುಗಳು ಇರುತ್ತವೆ ಎಂಬ ನಂಬಿಕೆ ಇಲ್ಲದೆ ಯಾರು ಹಾಗೆ ಬರೆಯುತ್ತಾರೆ?

ಈ ಸೀಮೆಯ ಲೇಖಕರ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ, ಏಕೆಂದರೆ ತಮ್ಮ ಇಷ್ಟವನ್ನು ಪ್ರಶ್ನಿಸಿಕೊಂಡೇ ದೊಡ್ಡವರಾದವರ ಊರುಗಳಿವು. ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲ ಅಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅವರಿಗೆ ಇಂಗ್ಲಿಷಿನ ಭಾವಗೀತೆಗಳು ಇಷ್ಟವಾದವು. ಇಷ್ಟವಾಯಿತು ಎಂದು ಸುಮ್ಮನಾಗಿದ್ದರೆ ಅವರು ಒಳ್ಳೆಯ ಓದುಗರಾಗಿ ಉಳಿಯುತ್ತಿದ್ದರು. ಆ ಗೀತೆಗಳಲ್ಲಿ ಮನಸ್ಸನ್ನು ಹಿಡಿಯುವುದು ಯಾವುದು, ಚರಣಗಳ ಕಟ್ಟೋ, ಆಡುಮಾತಿಗೆ ಹತ್ತಿರವಾದ ನುಡಿಯೋ, ಒಬ್ಬ ಸಾಮಾನ್ಯ ಮನುಷ್ಯನ ಸುಖದುಃಖವೋ ಎಂದು ಬಿಡಿಸಿ ನೋಡಿದ್ದರಿಂದ ಅದನ್ನು ಕನ್ನಡದ ಲಯಗಳಲ್ಲಿ ಮತ್ತೆ ಕಟ್ಟುವುದು ಅವರಿಗೆ ಸಾಧ್ಯವಾಯಿತು. "ಇಂಗ್ಲಿಷ್ ಗೀತಗಳು" ಹುಟ್ಟಿದ್ದು ಹಾಗೆ. ಹೊಸಗನ್ನಡ ಕಾವ್ಯ ಆ ದಾರಿಯಲ್ಲಿ ಹೊರಟಿತು. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ ಕವಿತೆ ಬರೆದು ನಿಲ್ಲಲಿಲ್ಲ. ಕವಿತೆ ಏಕೆ ಸುಖ ಕೊಡುತ್ತದೆ ಎಂದು ಜೀವನವಿಡೀ ಕೇಳಿಕೊಂಡರು. ಆ ಕೇಳುವಿಕೆಗೆ "ಕಾವ್ಯ ಕುತೂಹಲ" ಎಂದೇ ಹೆಸರಿಟ್ಟು ಪುಸ್ತಕ ಬರೆದರು. ಬದುಕಿನೊಳಗೆ ಪೂರ್ತಿ ಮುಳುಗುವ ಶಕ್ತಿ ಮತ್ತು ಅದೇ ಕ್ಷಣ ಅದರ ಭಾರ ಕಳಚಿ ಹಗುರಾಗುವ ಶಕ್ತಿ, ಇವೆರಡೂ ಕಾವ್ಯದಲ್ಲಿ ಒಟ್ಟಿಗೆ ಇರಬೇಕು ಎಂದು ಅವರು ಕಂಡುಕೊಂಡದ್ದು. ಭವನಿಮಜ್ಜನ, ಲಘಿಮಾಕೌಶಲ ಎಂದು ಕರೆದರು. ಕಾರಣ ಹುಡುಕಿದ್ದರಿಂದ ಪು.ತಿ.ನ. ಅವರ ಕವಿತೆ ಒಣಗಿತೆಂದು ಹೇಳುವ ಧೈರ್ಯ ಯಾರಿಗಿದೆ? ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರಂತೂ ತಮ್ಮ ನಂಬಿಕೆ ಅಪನಂಬಿಕೆಗಳನ್ನೇ ಕಾರಣ ಕೇಳಿ ಕೂರಿಸಿ "ದೇವರು" ಬರೆದರು.

ಇನ್ನು ಅದೇ ತಾಲ್ಲೂಕಿನ ಕಿಕ್ಕೇರಿ. 1942ರಲ್ಲಿ ಬಂದ "ಮೈಸೂರು ಮಲ್ಲಿಗೆ"ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಊರು. ಆ ಪುಸ್ತಕ ಇಷ್ಟ ಎನ್ನದ ಕನ್ನಡಿಗ ಅಪರೂಪ. ಯಾವುದು ಇಷ್ಟ ಎಂದು ಕೇಳಿ ನೋಡಿ: ಹತ್ತರಲ್ಲಿ ಒಂಬತ್ತು ಜನ ಒಂದು ಸಾಲನ್ನು ಹೇಳುವುದಿಲ್ಲ, ಹಾಡುತ್ತಾರೆ. ಹಾಡುವುದು ತಪ್ಪಲ್ಲ. ಸಿ. ಅಶ್ವತ್ಥ್ ಅವರ ಸಂಗೀತ, ಟಿ.ಎಸ್. ನಾಗಾಭರಣರ ಚಿತ್ರ ಆ ಪದ್ಯಗಳನ್ನು ಓದದವರ ಮನೆಗಳಿಗೂ ತಲುಪಿಸಿದವು; ಅದು ದೊಡ್ಡ ಉಪಕಾರ. ಆದರೆ ನನಗೆ ಇಷ್ಟವಾದದ್ದು ಪದ್ಯವೋ ರಾಗವೋ ಎಂದು ಒಮ್ಮೆ ಕೇಳಿಕೊಳ್ಳಲೇಬೇಕು. ರಾಗವನ್ನು ಬದಿಗಿಟ್ಟು ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಇನ್ನೊಂದು ಕವಿತೆ ಕೇಳಿಸುತ್ತದೆ. ಅಲ್ಲಿ ಮಾತಾಡುವವನು ಗಂಡ, ಕೇಳುವವಳು ಹೆಂಡತಿ. ಮಾವನ ಮನೆ, ಬಳೆಗಾರ, ಹಾದಿ, ಊರ ಹೆಸರುಗಳು: ಮನೆವಾರ್ತೆಯ ವಸ್ತುಗಳೇ ಪ್ರೇಮದ ಸಾಮಗ್ರಿ. ಕಾವ್ಯದ ನಾಯಿಕೆಯನ್ನು ಇಳಿಸಿ ಅಡಿಗೆಮನೆಯ ಬಾಗಿಲಲ್ಲಿ ನಿಂತವಳನ್ನು ಕೂರಿಸಿದ ಧೈರ್ಯ ಅದು. ಇದನ್ನು ಕಂಡುಕೊಂಡವರು 1958ರ "ಶಿಲಾಲತೆ"ಗೂ ಆಮೇಲಿನ "ತೆರೆದ ಬಾಗಿಲು" ಸಂಗ್ರಹಕ್ಕೂ ಸುಲಭವಾಗಿ ಹೋಗುತ್ತಾರೆ. ಅದೇ ಮನೆ, ಈಗ ವಯಸ್ಸಾದ, ಪ್ರಶ್ನೆಗಳು ತುಂಬಿದ ಮನೆ ಅಲ್ಲಿದೆ. ಕಂಡುಕೊಳ್ಳದವರು ಕವಿಯನ್ನು ಅರವತ್ತು ವರ್ಷ ಒಂದೇ ಪುಸ್ತಕದಲ್ಲಿ ಕೂಡಿಹಾಕಿದರು. ವೇದಿಕೆ ಹತ್ತಿದಾಗಲೆಲ್ಲ ಮಲ್ಲಿಗೆಯನ್ನೇ ಕೇಳಿದರು. "ತೆರೆದ ಬಾಗಿಲು" ಸಂಗ್ರಹಕ್ಕೆ 1977ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದರೂ ಓದುಗರ ಪ್ರೀತಿ ಅಲ್ಲಿಯತನಕ ಬರಲಿಲ್ಲ. ಕಾರಣವಿಲ್ಲದ ಇಷ್ಟ ನಿಂತಲ್ಲೇ ನಿಲ್ಲುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ.

ಇಷ್ಟದ ವೇಷದಲ್ಲಿ ಬೇರೆ ಭಾವಗಳು ಬಂದು ಕೂರುವುದೂ ಉಂಟು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ದರಿಯಾ ದೌಲತ್ ಅರಮನೆ ಇದೆ. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಅದರ ಮುಂದೆ ನಿಂತವರಲ್ಲಿ ಕೆಲವರಿಗೆ ಅದು ಕಾಣುವ ಮೊದಲೇ ಇಷ್ಟ, ಕೆಲವರಿಗೆ ಕಾಣುವ ಮೊದಲೇ ಬೇಡ. ಟಿಪ್ಪುವಿನ ಬಗ್ಗೆ ಮನೆಯಿಂದ ತಂದ ತೀರ್ಮಾನವೇ ಚಿತ್ರದ ಬಗ್ಗೆಯೂ ತೀರ್ಮಾನ. ಇಬ್ಬರೂ ಗೋಡೆಯನ್ನು ನೋಡುವುದಿಲ್ಲ. ಇಂಗ್ಲಿಷರ ಸೇನೆ ಚೌಕಾಕಾರದಲ್ಲಿ ಸಿಕ್ಕಿಬಿದ್ದಿದೆ, ನಡುವೆ ಮದ್ದಿನ ಗಾಡಿ ಸಿಡಿಯುತ್ತಿದೆ, ಕರ್ನಲ್ ಬೈಲಿ ಪಲ್ಲಕ್ಕಿಯೊಳಗಿದ್ದಾನೆ. ದೂರದವನು ಚಿಕ್ಕವನು, ಹತ್ತಿರದವನು ದೊಡ್ಡವನು ಎಂಬ ಯುರೋಪಿನ ಲೆಕ್ಕ ಇಲ್ಲಿಲ್ಲ. ಸಾಲು ಸಾಲಾಗಿ ಒಂದರ ಮೇಲೊಂದು ಏರಿದ ಪಕ್ಕಮುಖದ ಸೈನಿಕರು, ಕುದುರೆಗಳು. ಹಾಗೆ ಏರಿಸಿದ್ದರಿಂದ ನೋಡುವವನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ, ಗೋಡೆಯ ತುಂಬ ಗದ್ದಲ. ಯಾವ ಪಕ್ಷದವರಾದರೂ ಸರಿ, ಇದನ್ನು ಗಮನಿಸಿದ ಮೇಲೆ ನಿಮ್ಮ ಅಭಿಮಾನ ಎಷ್ಟು, ನಿಮ್ಮ ಕೋಪ ಎಷ್ಟು, ಚಿತ್ರದ ಕೆಲಸ ಎಷ್ಟು ಎಂದು ಬೇರೆ ಮಾಡಿಕೊಳ್ಳಬಹುದು. ಅಭಿಮಾನವೂ ಕೋಪವೂ ಇರಲಿ. ಅವನ್ನು ರುಚಿ ಎಂದು ಕರೆಯುವುದು ಬೇಡ.

ಮೂರನೆಯ ಆಕ್ಷೇಪಣೆಯೊಂದಿದೆ, ಅದಕ್ಕೆ ನಾನು ತಲೆಬಾಗಿ ಕಿವಿಗೊಡುತ್ತೇನೆ. ಈ ದೇಶದಲ್ಲಿ "ಒಳ್ಳೆಯ ಅಭಿರುಚಿ" ಎಂಬುದು ಮೇಲಿನವರ ಕೋಲಾಗಿತ್ತು. ಕಾರಣ ಕೇಳುವ ಹೆಸರಿನಲ್ಲಿ ಕೆಳಗಿನವರ ಊಟ, ಹಾಡು, ಬಟ್ಟೆಗಳನ್ನು ಹೀನಾಯ ಮಾಡಿದರು. ಆದ್ದರಿಂದ ಕೇಳಬೇಡಿ ಎಂಬುದು ಅದು. ಇತಿಹಾಸ ನಿಜ. ಮೇಲುಕೋಟೆಯ ಪುಳಿಯೋಗರೆಗೆ ನಾಡೆಲ್ಲ ಹೆಸರಿದೆ. ಅದೇ ತಾಲ್ಲೂಕಿನ ಮನೆಮನೆಯಲ್ಲಿ ಹಬ್ಬದ ಮಾರನೆಯ ದಿನ ಬೇಯುವ ಬಾಡಿನ ಸಾರಿಗೆ, ಮುದ್ದೆಗೆ ಆ ಗೌರವ ಸಿಕ್ಕಿಲ್ಲ. ಆದರೆ ಆ ಗೌರವ ಹೇಗೆ ಬರುತ್ತದೆ? 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮಳಿಗೆಗಳ ಸೂಚನೆಯಲ್ಲಿ ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಿದ್ದು ಕಂಡು ಜನ ಎದ್ದರು. ಬಾಡೂಟ ಬೇಕು ಎಂದವರು "ಅದು ನಮ್ಮಿಷ್ಟ" ಎಂದು ಹೇಳಿ ಕೂರಲಿಲ್ಲ. ಅನ್ನವನ್ನು ಅಮಲಿನ ಪದಾರ್ಥದ ಸಾಲಿನಲ್ಲಿ ಕೂರಿಸಿದ್ದು ಏಕೆ, ಸಸ್ಯಾಹಾರವೊಂದೇ ಸಭೆಗೆ ಯೋಗ್ಯ ಎಂದು ತೀರ್ಮಾನಿಸಿದವರು ಯಾರು, ಈ ಜಿಲ್ಲೆಯ ಬಹುಪಾಲು ಮನೆಗಳಲ್ಲಿ ಅತಿಥಿಗೆ ಬಡಿಸುವುದು ಏನು ಎಂದು ಕೇಳಿದರು. ಅವರ ಬಲವಿದ್ದದ್ದು ಈ ಕಾರಣಗಳಲ್ಲಿ. "ಅವರವರ ಇಷ್ಟ" ಎಂಬ ಮಾತು ಅಂದು ಯಾರ ಕೈಯಲ್ಲಿತ್ತು? ನಿಮಗಿಷ್ಟವಾದರೆ ನಿಮ್ಮ ಮನೆಯಲ್ಲಿ ತಿನ್ನಿ, ಇಲ್ಲಿ ಬೇಡ ಎಂದವರ ಕೈಯಲ್ಲಿ. ದುರ್ಬಲರ ರುಚಿಗೆ ಕಾವಲು ನಿಲ್ಲುತ್ತದೆ ಎಂದು ನಂಬಿದ ಮಾತು ಬಲವಿದ್ದವರ ಕಡೆಗೇ ಬಂದು ನಿಂತಿತು.

ನಾಗಮಂಗಲ ತಾಲ್ಲೂಕಿನಲ್ಲೇ ಹುಟ್ಟಿದ ಜಾನಪದ ವಿದ್ವಾಂಸರಾದ ಎಚ್.ಎಲ್. ನಾಗೇಗೌಡರೂ ಜೀ.ಶಂ. ಪರಮಶಿವಯ್ಯನವರೂ ಮಾಡಿದ್ದು ಕಾರಣ ಕೊಡುವ ಇದೇ ಕೆಲಸ. ಸೋಬಾನೆ ಪದ, ರಾಗಿ ಬೀಸುವ ಪದ, ನೀಲಗಾರರ ಕತೆ, ಇವು ನಮ್ಮವು ಎಂಬಷ್ಟಕ್ಕೆ ಅವರು ನಿಲ್ಲಲಿಲ್ಲ. ಬರೆದುಕೊಂಡರು, ಹೋಲಿಸಿದರು, ಇದರಲ್ಲಿ ಏನು ಹೆಚ್ಚುಗಾರಿಕೆ ಎಂದು ಪುಟಗಟ್ಟಲೆ ವಾದಿಸಿದರು. ವಿಶ್ವವಿದ್ಯಾಲಯಗಳ ಬಾಗಿಲು ಜಾನಪದಕ್ಕೆ ತೆರೆದದ್ದು ಆ ವಾದದಿಂದ. ಅನುಕಂಪದಿಂದಲ್ಲ.

ಎಲ್ಲಕ್ಕಿಂತ ಹೆಚ್ಚಿನ ನಷ್ಟ ನಮ್ಮ ಊರೂರಿನ ಗುಡಿಗಳಲ್ಲಿ ಆಗುತ್ತಿದೆ. ಕಲ್ಲಿನ ಸಣ್ಣ ಗುಡಿ, ಮುಂದೆ ನಾಲ್ಕು ಕಂಬದ ಮಂಟಪ. ದುಡ್ಡು ಕೂಡುತ್ತದೆ, ಜೀರ್ಣೋದ್ಧಾರ ಎನ್ನುತ್ತಾರೆ. ಕಂಬಕ್ಕೆ ಎನಾಮೆಲ್ ಬಣ್ಣ, ನೆಲಕ್ಕೆ ಹೊಳೆಯುವ ಟೈಲ್ಸ್, ಮೇಲೆ ಸಿಮೆಂಟಿನ ಗೋಪುರ. ಕೆಲವೆಡೆ ಹಳೆಯದನ್ನು ಪೂರ್ತಿ ಕೆಡವಿ ಹೊಸದು. ಸಭೆಯಲ್ಲಿ ಒಬ್ಬಿಬ್ಬರು ಹಿರಿಯರು "ಹಳೇದೇ ಚೆನ್ನಾಗಿತ್ತಪ್ಪ" ಎನ್ನುತ್ತಾರೆ. ಏಕೆ ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ; ಅವರ ಕಣ್ಣಿಗೆ ಕಂಡದ್ದು ಸರಿ, ಅದನ್ನು ಮಾತಿಗೆ ತರುವ ಅಭ್ಯಾಸವನ್ನು ಅವರಿಗೆ ಯಾರೂ ಕೊಡಲಿಲ್ಲ. ಕಂಟ್ರಾಕ್ಟರನಿಗೆ ಮಾತು ಗೊತ್ತು: ಬಾಳಿಕೆ, ಹೊಳಪು, ಪಕ್ಕದ ಊರಿನವರ ಗೋಪುರದ ಎತ್ತರ. "ಅವರವರ ಇಷ್ಟ, ಬಹುಮತ ಏನು ಹೇಳುತ್ತೋ ಹಾಗೆ ಮಾಡೋಣ" ಎಂದು ಸಭೆ ಮುಗಿಯುತ್ತದೆ. ಕಲ್ಲಿನ ಕಂಬ ಬೇಸಗೆಯಲ್ಲಿ ತಂಪಾಗಿರುತ್ತಿತ್ತು, ತಗ್ಗಿದ ಬಾಗಿಲು ಒಳಗೆ ಹೋಗುವವನನ್ನು ಬಗ್ಗಿಸುತ್ತಿತ್ತು, ಒಳಗಿನ ಕತ್ತಲೆಯಿಂದಲೇ ದೀಪಕ್ಕೆ ಬೆಲೆಯಿತ್ತು ಎಂದು ಆ ಹಿರಿಯರು ಹೇಳಬಲ್ಲವರಾಗಿದ್ದರೆ ಎಷ್ಟೋ ಗುಡಿಗಳು ಉಳಿಯುತ್ತಿದ್ದವು.

ಆದ್ದರಿಂದ ಮೂರು ಕಡೆಗೆ ನನ್ನ ಕೋರಿಕೆ. ಶಾಲೆಯ ಮೇಷ್ಟ್ರುಗಳೇ, ಹೊಸಹೊಳಲಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಪಕ್ಕದ ತಾಲ್ಲೂಕಿನ ಕಂಬದಹಳ್ಳಿಯನ್ನೂ ಸೇರಿಸಿ. ಯಾವುದು ಹೆಚ್ಚು ಹಿಡಿಸಿತು, ಏಕೆ ಎಂದು ಒಂದು ಪುಟ ಬರೆಸಿ, "ಚೆನ್ನಾಗಿದೆ" ಎಂಬ ಮಾತನ್ನು ಆ ಪುಟದಲ್ಲಿ ಬಳಸಕೂಡದೆಂದು ಹೇಳಿ. ಗುಡಿಯ ಸಮಿತಿಯವರೇ, ಕಲ್ಲಿಗೆ ಬಣ್ಣ ಬಳಿಯುವ ಮೊದಲು ಊರಿನ ಹಿರಿಯರನ್ನು ಆ ಮಂಟಪದಲ್ಲೇ ಕೂರಿಸಿ, ಇದರಲ್ಲಿ ಏನು ಹಿತ ಎಂದು ಕೇಳಿ, ಅವರು ತಡವರಿಸಿದರೂ ಕಾಯಿರಿ. ಮತ್ತು ಓದುಗರೇ, ಬರುವ ಸಂಕ್ರಾಂತಿಗೆ ಎಳ್ಳಿನೊಂದಿಗೆ ಬೆರೆಸಲು ಬೆಲ್ಲ ಕೊಳ್ಳುವಾಗ ಹಳದಿಯದೊಂದು, ಕೆಂಗಂದಿನದೊಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ತಿಂದು, ಆಮೇಲೆ ಆರಿಸಿ.